ಅಕ್ಕನ ಬಿಲ್ಲೆ

ಅಮೆರಿಕದ ಹಳೆಯ ಚಿನ್ನದ ನಾಣ್ಯಗಳ ಬಗ್ಗೆ ರಘುನಾಥನಿಗೆ ತಿಳಿದಿದ್ದಷ್ಟು ಹೊನ್ನಾಳಿಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಹೊನ್ನಾಳಿಯಲ್ಲಿ ಇನ್ನೊಬ್ಬರಿಗೆ ಅದು ಬೇಕಾಗಿಯೂ ಇರಲಿಲ್ಲ. ಸರ್ವಿಸ್ಸಿಡೀ ಅವನು ಖಜಾನೆಯಲ್ಲಿ ಗುಮಾಸ್ತನಾಗಿದ್ದ. ಖಜಾನೆ ಎಂಬುದು ಹೆಸರಿಗಷ್ಟೇ. ಚಿನ್ನ ಹಾಗಿರಲಿ, ಒಂದು ಹಳೆಯ ತಾಮ್ರದ ಕಾಸೂ ಅಲ್ಲಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದದ್ದೆಲ್ಲ ಚಲನ್ನು, ವೋಚರು ಮತ್ತು ಪಿಂಚಣಿದಾರರ ಗೊಣಗಾಟ. ಹೀಗಿರುವಾಗ ಒಮ್ಮೆ ಶಿವಮೊಗ್ಗದ ರದ್ದಿ ಅಂಗಡಿಯೊಂದರಲ್ಲಿ, ಯಾವ ಪುಣ್ಯಾತ್ಮ ಹಾಕಿ ಹೋಗಿದ್ದನೋ, ವಿದೇಶದ ನಾಣ್ಯ ಹರಾಜಿನ ಒಂದು ದಪ್ಪ ಪುಸ್ತಕ ಸಿಕ್ಕಿತು. ಪುಟಕ್ಕೊಂದು ನಾಣ್ಯ, ಅಂಗೈಯಗಲದ ಬಣ್ಣದ ಫೋಟೋ. ಸುತ್ತ ಹದಿಮೂರು ನಕ್ಷತ್ರ, ನಡುವೆ ಟೋಪಿ ಹಾಕಿಕೊಂಡ ಗುಂಗುರು ಕೂದಲಿನ ಒಬ್ಬ ಹೆಂಗಸಿನ ಮುಖ. ಪುಸ್ತಕವನ್ನು ತೂಕಕ್ಕೆ ಹಾಕಿಸಿ ಕೊಂಡುತಂದ. ಅಲ್ಲಿಂದ ಮುಂದೆ ರಘುನಾಥ ಬೇರೆ ಯಾವುದಕ್ಕೂ ಒದಗಲಿಲ್ಲ.

ಅದಕ್ಕಾಗಿಯೇ ಮದುವೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕೆಲವು ಕಡೆ ಹೆಣ್ಣಿನವರು ಒಪ್ಪಲಿಲ್ಲ, ಒಪ್ಪಿದ ಕಡೆ ಇವನು ಹ್ಞೂಂ ಅನ್ನಲು ತಡ ಮಾಡಿದ. ಅಷ್ಟರಲ್ಲಿ ಅವ್ವ ತೀರಿಕೊಂಡಳು, ಕೇಳುವವರು ಇಲ್ಲವಾದರು. ಈಗ ನಿವೃತ್ತನಾಗಿ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದಾನೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ತಿಂಡಿ, ಸಂಜೆ ಮನೆಯಲ್ಲಿ ಮಂಡಕ್ಕಿ, ಎದುರಿಗೆ ಕಂಪ್ಯೂಟರ್. ಅಂತರ್ಜಾಲದಲ್ಲಿ ನಾಣ್ಯ ಸಂಗ್ರಹಿಸುವವರದ್ದೊಂದು ಗುಂಪು ಇದೆ. ಎಲ್ಲಿಂದಲೋ ಒಬ್ಬ ತನ್ನ ಚಿನ್ನದ ನಾಣ್ಯದ ಫೋಟೋ ಹಾಕುತ್ತಾನೆ, ರಘುನಾಥ ಅದರ ಕೆನ್ನೆ, ಕಿವಿಯ ಮೇಲಿನ ಕೂದಲು, ಹಿಂಬದಿಯ ಹದ್ದಿನ ರೆಕ್ಕೆ ಎಲ್ಲವನ್ನೂ ನೋಡಿ ಎಷ್ಟು ಸವೆದಿದೆ, ಯಾರಾದರೂ ತಿಕ್ಕಿ ತೊಳೆದಿದ್ದಾರೆಯೇ, ಒಂದರಿಂದ ಎಪ್ಪತ್ತರವರೆಗಿನ ಅಳತೆಯಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳುತ್ತಾನೆ. ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಾನೆ. ಅವನ ಮಾತಿಗೆ ಅಲ್ಲಿ ಬೆಲೆಯೂ ಇತ್ತು. ಒಮ್ಮೆ ಮಾತ್ರ ಯಾರೋ ಸಲುಗೆಯಿಂದ, ನಿಮ್ಮ ಹತ್ತಿರ ಇಂಥವು ಎಷ್ಟಿವೆ ಎಂದು ಕೇಳಿದರು. ಒಂದೂ ಇಲ್ಲ, ಇಲ್ಲಿಯವರೆಗೆ ಒಂದನ್ನು ಕೈಯಲ್ಲಿ ಹಿಡಿದದ್ದೂ ಇಲ್ಲ ಎಂದು ಬರೆಯಲು ಅವನಿಗೆ ಕೈ ಬರಲಿಲ್ಲ. ಆಮೇಲೆ ಬಹಳ ದಿನ ಆ ಕಡೆ ತಲೆ ಹಾಕಲಿಲ್ಲ.

ತಿಪ್ಪೇಶ್ ಬಸ್ ಕಂಡಕ್ಟರ್, ಅದೇ ಹೋಟೆಲಿನ ಗಿರಾಕಿ. ನಾಣ್ಯದ ಕಥೆ ಕೇಳಿ ಕೇಳಿ ಬೇಸತ್ತವರಲ್ಲಿ ಅವನೂ ಒಬ್ಬ. ಆದರೂ ಒಂದು ಬೆಳಿಗ್ಗೆ ಅವನೇ ಮನೆ ಬಾಗಿಲಿಗೆ ಬಂದ. ಹಿಂದೆ ಒಬ್ಬ ಹೆಂಗಸು, ಅರವತ್ತರ ಆಸುಪಾಸು, ತಲೆಯ ಮೇಲೆ ಸೆರಗು.

"ಇವರು ನಮ್ಮ ಚಿಕ್ಕವ್ವ ಸಾರ್, ಬೊಮ್ಮಕ್ಕ ಅಂತ. ಜಗಳೂರು ಕಡೆ ಸೊಕ್ಕೆಯೋರು. ಇವರತ್ರ ಒಂದು ಬಿಲ್ಲೆ ಐತೆ, ನೋಡ್ರಿ. ನಂಗೆ ಡ್ಯೂಟಿ ಐತೆ, ಸಂಜೆಗೆ ಬಂದು ಕರ್ಕಂಡು ಹೋಗ್ತೀನಿ."

ತಿಪ್ಪೇಶ್ ಹೋದ. ಬೊಮ್ಮಕ್ಕ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಳು. ಕೊರಳಿನ ಕರಿದಾರವನ್ನು ಎಳೆದು, ಅದರಲ್ಲಿ ಪೋಣಿಸಿದ್ದ ಚಿನ್ನದ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಆದರೆ ಕೊಡಲಿಲ್ಲ.

"ಇವಳು ನಮ್ಮ ಅಕ್ಕ," ಎಂದಳು. "ಗಾದ್ರಮ್ಮ ಅಂತ. ನಮ್ಮನೆಯೋರ ಮೊದಲನೇ ಹೆಂಡ್ತಿ. ಬಾಣಂತನದಾಗೆ ಹೋಗಿಬಿಟ್ಲಂತೆ."

ಆ ಮನೆತನದಲ್ಲಿ ಹಾಗೊಂದು ಪದ್ಧತಿ. ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಬಂದವಳು ಹೋದವಳ ಮುಖವಿರುವ ಚಿನ್ನದ ಬಿಲ್ಲೆಯೊಂದನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಉಣ್ಣುವ ಮೊದಲು ಮೊದಲ ತುತ್ತು ಅವಳಿಗೆ ತೋರಿಸಬೇಕು. ಹೊಸ ಸೀರೆ ಮೊದಲು ಅವಳಿಗೆ ತಾಕಿಸಿ ಆಮೇಲೆ ತಾನು ಉಡಬೇಕು. ಶುಕ್ರವಾರಕ್ಕೊಮ್ಮೆ ಹುಣಸೆಹಣ್ಣು, ಒಲೆಯ ಬೂದಿ ಹಾಕಿ ತಿಕ್ಕಿ ತೊಳೆದು ಅರಿಶಿನ ಕುಂಕುಮ ಇಡಬೇಕು. ಮಾಡದಿದ್ದರೆ ಹೋದವಳು ಮುನಿಯುತ್ತಾಳೆ. ಬೊಮ್ಮಕ್ಕ ಇದನ್ನೆಲ್ಲ ಹದಿನೇಳನೆಯ ವಯಸ್ಸಿನಿಂದ ತಪ್ಪದೆ ಮಾಡಿಕೊಂಡು ಬಂದಿದ್ದಳು. ಮೊದಮೊದಲು ಹೆದರಿಕೆಯಿಂದ. ಆಮೇಲೆ ಬೇರೆ ಯಾರೂ ಇಲ್ಲದ್ದರಿಂದ. ಗಂಡ ಜಂಪಣ್ಣ ಕುರಿಯವನು. ಮಂದೆ ಹೊಡೆದುಕೊಂಡು ಚನ್ನಗಿರಿ, ನ್ಯಾಮತಿಯ ನೀರಾವರಿ ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದಾಗಲೂ ಕುರಿಗಳ ಜೊತೆ ಆಡಿದಷ್ಟು ಮಾತು ಇವಳ ಜೊತೆ ಆಡುತ್ತಿರಲಿಲ್ಲ. ಮಕ್ಕಳು ಆಗಲಿಲ್ಲ. ಅತ್ತದ್ದು, ನಕ್ಕದ್ದು, ಬೈದದ್ದು ಎಲ್ಲ ಬಿಲ್ಲೆಯ ಮುಂದೆಯೇ. ಹೋದ ವರ್ಷ ಜಂಪಣ್ಣ ತೀರಿಕೊಂಡಾಗ ನೆಂಟರು ತಾಳಿ ತೆಗೆಸಿದರು.

"ಅಕ್ಕನ್ನೂ ತೆಗಿ ಅಂದ್ರು. ಅವಳು ಎಲ್ಲಿಗೆ ಹೋಗ್ತಾಳೆ, ನಾನು ತೆಗೆಯಾಕಿಲ್ಲ ಅಂದೆ. ಕರಿದಾರಕ್ಕೆ ಹಾಕ್ಕಂಡೆ."

"ಈಗ ಏನಾಗಬೇಕಿತ್ತು ಅಮ್ಮ?" ಎಂದ ರಘುನಾಥ. ಅವನ ಕಣ್ಣು ಆಕೆಯ ಅಂಗೈಯಿಂದ ಕದಲಿರಲಿಲ್ಲ.

"ಮುಖ ಸವೆದು ಹೋಗ್ತಾ ಐತೆ ಅಣ್ಣಾರೆ. ಮೂಗು ಹೋತು, ಕಣ್ಣೂ ಹೋಗಾಕೆ ಬಂದೈತೆ. ಜಗಳೂರಾಗೆ ಅಕ್ಕಸಾಲಿ ಮಾರಪ್ಪ ಹೊಸದಾಗಿ ಕೆತ್ತಿಕೊಡ್ತೀನಿ ಅಂತಾನೆ. ಆದ್ರೆ ಮೊದ್ಲು ಹೆಂಗಿತ್ತು ಅಂತ ಗೊತ್ತಾಗಬೇಕಲ್ಲ? ಅವನು ತನಗೆ ತೋಚಿದ ಮುಖ ಕೆತ್ತಿದ್ರೆ ಅದು ಅಕ್ಕ ಹೆಂಗಾಗ್ತಾಳೆ? ನೀವು ಬಿಲ್ಲೆ ಮೇಲಿನ ಮುಖ ಓದ್ತೀರಂತೆ, ತಿಪ್ಪೇಶಿ ಅಂದ."

"ಗಾದ್ರಮ್ಮನೋರ ಫೋಟೋ ಇಲ್ಲೇನ್ರಿ?"

"ಆಗ ಫೋಟೋ ಎಲ್ಲಿ ಬಂತು? ನಾನು ಅವಳನ್ನ ನೋಡಿರೋದು ಇದರಾಗೇ."

ಅಷ್ಟು ಹೇಳಿ ಬಿಲ್ಲೆಯನ್ನು ಅವನ ಕೈಗೆ ಹಾಕಿದಳು. ಅದು ಆಕೆಯ ಮೈಯ ಬಿಸಿಗೆ ಬೆಚ್ಚಗಿತ್ತು. ಫೋಟೋಗಳಲ್ಲಿ ಯಾವತ್ತೂ ತಿಳಿಯದ ಸಂಗತಿ ತೂಕ. ಇಷ್ಟು ಚಿಕ್ಕದಕ್ಕೆ ಇಷ್ಟೊಂದು ಭಾರವೇ ಎಂದು ಅವನಿಗೆ ಆಶ್ಚರ್ಯವಾಯಿತು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ನಕ್ಷತ್ರಗಳು ಇದ್ದವು, ಮಸುಕಾಗಿ. ಟೋಪಿಯ ಪಟ್ಟಿಯ ಮೇಲೆ ಸ್ವಾತಂತ್ರ್ಯ ಎಂಬ ಅರ್ಥದ ಇಂಗ್ಲಿಷ್ ಪದದಲ್ಲಿ ಮೊದಲ ಮೂರು ಅಕ್ಷರ ಉಳಿದಿದ್ದವು. ಹಿಂಬದಿಯಲ್ಲಿ ಹದ್ದು, ಅದರ ಕೆಳಗೆ ಐದು ಡಾಲರಿನ ಗುರುತು. ಕೊನೆಗೆ, ನೋಡಲು ಹೆದರಿ ಹೆದರಿ, ಮುಖದ ಕೆಳಗಿನ ಇಸವಿ ನೋಡಿದ. 1827.

ಆ ವರ್ಷ ಸುಮಾರು ಇಪ್ಪತ್ತೈದು ಸಾವಿರ ಅಚ್ಚಾಗಿದ್ದವು. ಆಮೇಲೆ ನಾಣ್ಯದ ಮೇಲೆ ಬರೆದ ಬೆಲೆಗಿಂತ ಅದರೊಳಗಿನ ಚಿನ್ನದ ಬೆಲೆಯೇ ಹೆಚ್ಚಾಗಿ, ಜನ ಮೂಟೆಗಟ್ಟಲೆ ಕರಗಿಸಿದರು. ಈಗ ಲೋಕದಲ್ಲೆಲ್ಲ ಸೇರಿ ಕೆಲವು ಡಜನ್ ಇದ್ದರೆ ಹೆಚ್ಚು. ಅದರಲ್ಲೊಂದು ಸೊಕ್ಕೆಯ ಕುರಿಯವನ ಮನೆಗೆ ಹೇಗೆ ಬಂತು? ಬೊಂಬಾಯಿಯ ಹಡಗಿನಿಂದ ಇಳಿದು ಯಾವ ಸಾಹುಕಾರನ ಕೈಯಿಂದ ಯಾವ ಸಂತೆಗೆ ಬಂದಿತ್ತೋ ದೇವರಿಗೇ ಗೊತ್ತು. ಯಾರೋ ಹೆಣ್ಣಿನ ಮುಖವಿರುವ ಚಿನ್ನ ಬೇಕೆಂದಿದ್ದಾರೆ, ಯಾರೋ ಇದನ್ನು ಕೊಟ್ಟಿದ್ದಾರೆ. ಸ್ಥಿತಿ ನೋಡಿದರೆ ಅಳು ಬರುವಂತಿತ್ತು. ಮೇಲ್ಗಡೆ ಕೊಂಡಿ ಬೆಸೆದಿದ್ದರು, ಬೆಸುಗೆ ಎರಡು ನಕ್ಷತ್ರಗಳನ್ನು ನುಂಗಿತ್ತು. ಹುಣಸೆಹಣ್ಣು ಮತ್ತು ಬೂದಿ ಸೇರಿ ಅದರ ಹುಟ್ಟುಹೊಳಪನ್ನು ಎಂದೋ ಮುಗಿಸಿದ್ದವು. ಗುಂಪಿನವರು ಕಂಡರೆ ಇದಕ್ಕೆ ಅಂಕಿಯನ್ನೇ ಕೊಡುವುದಿಲ್ಲ, ಕೆಟ್ಟದ್ದು ಎಂದು ಪಕ್ಕಕ್ಕಿಡುತ್ತಾರೆ. ಆದರೂ ಇದು ಅದೇ. ರಘುನಾಥನಿಗೆ ಸಂತೋಷ ತಡೆಯಲಾಗಲಿಲ್ಲ. ಹೇಳಿಕೊಳ್ಳೋಣವೆಂದು ತಿರುಗಿದರೆ ಅಲ್ಲಿ ಬೊಮ್ಮಕ್ಕ ಒಬ್ಬಳೇ ಇದ್ದಳು, ಅವನು ಏನು ಹೇಳುತ್ತಾನೋ ಎಂದು ಬಾಯಿ ಸ್ವಲ್ಪ ತೆರೆದುಕೊಂಡು.

ಆಗ ಅವನು ಒಂದು ಹುಚ್ಚು ಕೆಲಸ ಮಾಡಿದ. ಹರಾಜಿನ ಪುಸ್ತಕ ತೆಗೆದು, ಅದೇ ಮುಖದ ಪುಟವನ್ನು ಆಕೆಯ ಮುಂದೆ ಬಿಡಿಸಿಟ್ಟ.

ಬೊಮ್ಮಕ್ಕ ಬಗ್ಗಿ ನೋಡಿದಳು. ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಕ್ಕ! ಇವಳೇ ಅಣ್ಣಾರೆ, ನಮ್ಮ ಅಕ್ಕನೇ! ನೋಡ್ರಿ ಮೂಗು ಹೆಂಗೈತೆ, ಎಷ್ಟು ಗಂಭೀರ! ಅಯ್ಯೋ ನಿಮ್ಮತ್ರ ಇವಳ ಫೋಟೋ ಹೆಂಗೆ ಬಂತು?"

ಆಕೆಯ ಕಣ್ಣಲ್ಲಿ ನೀರು ಬಂದಿತ್ತು. ಬೆರಳಿನಿಂದ ಪುಟದ ಮೇಲಿನ ಗುಂಗುರು ಕೂದಲನ್ನು ನೇವರಿಸಿದಳು. "ಈ ಹಾಳೆ ಕೊಡ್ರಿ, ಮಾರಪ್ಪಗೆ ತೋರಿಸ್ತೀನಿ. ಹಿಂಗೇ ಕೆತ್ತು ಅಂತೀನಿ."

ಕೆತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ಉಳಿ ಹಿಡಿದ ಮಾರಪ್ಪ ರಘುನಾಥನ ಕಣ್ಣ ಮುಂದೆ ಬಂದ. ನಾಣ್ಯ ಉಳಿಯಬೇಕು, ಹೇಗಾದರೂ ಉಳಿಯಬೇಕು. ಆ ಹೊತ್ತಿನಲ್ಲಿ ಅವನಿಗೆ ಕಂಡದ್ದು ಅದೊಂದೇ. ಎದುರಿಗೆ ಕೂತಿದ್ದ ಹೆಂಗಸು ಕಾಣಲಿಲ್ಲ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಇದು ಗಾದ್ರಮ್ಮ ಅಲ್ಲ ರೀ," ಎಂದುಬಿಟ್ಟ.

"ಹ್ಞಾಂ?"

"ಇದು ಅಮೆರಿಕಾದ ದುಡ್ಡು. ಇನ್ನೂರು ವರ್ಷದ ಹಿಂದಿಂದು. ಗಾದ್ರಮ್ಮನೋರ ಅಜ್ಜಿ ಮುತ್ತಜ್ಜಿನೂ ಆಗ ಹುಟ್ಟಿರಲಿಲ್ಲ."

"ಮತ್ತೆ ಇವಳು ಯಾರು?"

"ಯಾರೂ ಅಲ್ಲ. ಸ್ವಾತಂತ್ರ್ಯಕ್ಕೆ ಅವರು ಒಂದು ಹೆಣ್ಣಿನ ರೂಪ ಕೊಟ್ಟಾರೆ. ನಮ್ಮಲ್ಲಿ ಭಾರತಮಾತೆ ಅಂತ ಬರೀತಾರಲ್ಲ, ಹಂಗೆ."

"ಬದುಕಿದ್ದವಳೇ ಅಲ್ಲವಾ?"

"ಅಲ್ಲ."

ಬೊಮ್ಮಕ್ಕ ಪುಟದ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ರಘುನಾಥನಿಗೆ ಈಗ ಆಕೆ ಕಾಣತೊಡಗಿದಳು.

"ಹಂಗಾದ್ರೆ," ಎಂದಳು ಕೊನೆಗೆ, "ಅಕ್ಕ ಇಷ್ಟು ವರ್ಷದಿಂದ ಉಪವಾಸ ಅದಾಳೆ."

ಅವನು ಬೇರೆ ಏನನ್ನು ಬೇಕಾದರೂ ನಿರೀಕ್ಷಿಸಿದ್ದ, ಈ ಮಾತನ್ನಲ್ಲ. "ಹಂಗಲ್ಲಮ್ಮ..." ಎಂದ.

"ಮತ್ತೆ ಹೆಂಗೆ? ಮೊದಲನೇ ತುತ್ತು ಇವಳಿಗೆ ತೋರಿಸಿದೆ. ಸೀರೆ ಇವಳಿಗೆ ತಾಕಿಸಿದೆ. ಅವಳ ಪಾಲೆಲ್ಲ ಇನ್ಯಾರಿಗೋ ಹೋತು. ಅವಳು ಬಾಗಿಲಾಗೇ ನಿಂತು ನೋಡ್ತಿರಬೇಕು. ಅವಳಿಗೆ ನಾನು ಒಂದು ಮಾತೂ ಆಡ್ಲಿಲ್ಲ ಅಣ್ಣಾರೆ."

"ಮಾರಪ್ಪನ ಕೈಗೆ ಮಾತ್ರ ಇದನ್ನ ಕೊಡಬ್ಯಾಡ್ರಿ. ಬಹಳ ಹಳೇದು. ಹಂಗೇ ಇರಲಿ. ಇಂಥದ್ದು ಈಗ..."

ಬೊಮ್ಮಕ್ಕ ಕೈಯೆತ್ತಿ ತಡೆದಳು. "ಬೆಲೆ ಹೇಳಬ್ಯಾಡ್ರಿ. ಅದು ಕೇಳಾಕೆ ನಾನು ಬಂದಿಲ್ಲ."

ಬಿಲ್ಲೆಯನ್ನು ತೆಗೆದುಕೊಂಡು, ಕೊರಳಿಗೆ ಹಾಕಿಕೊಳ್ಳದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅನ್ನಕ್ಕಿಡುತ್ತೇನೆ ಎಂದು ರಘುನಾಥ ಹೇಳಿದರೂ ನಿಲ್ಲಲಿಲ್ಲ, ತಿಪ್ಪೇಶನಿಗೂ ಕಾಯಲಿಲ್ಲ. ಬಸ್ ಸ್ಟ್ಯಾಂಡಿನ ಕಡೆಗೆ ಬಿಸಿಲಿನಲ್ಲಿ ನಡೆದುಹೋದಳು. ಆಕೆ ತಿರುವಿನಲ್ಲಿ ಮರೆಯಾದ ಮೇಲೆ ರಘುನಾಥನಿಗೆ ನೆನಪಾಯಿತು, ತಾನು ಒಂದು ಫೋಟೋ ಕೂಡ ತೆಗೆದುಕೊಳ್ಳಲಿಲ್ಲ.

ಅಂದು ಸಂಜೆ ಅವನು ಗುಂಪಿಗೆ ಬರೆಯಲು ಕೂತ. 1827ರದ್ದನ್ನು ಇಂದು ಕೈಯಲ್ಲಿ ಹಿಡಿದೆ ಎಂದು ಬರೆದ. ಫೋಟೋ ಎಲ್ಲಿ ಎಂದು ಕೇಳುತ್ತಾರೆ. ಇಲ್ಲ ಎಂದರೆ ನಗುತ್ತಾರೆ. ನಗದಿದ್ದರೂ, ಅದು ಬೆಚ್ಚಗಿತ್ತು ಎಂಬುದನ್ನು ಅವರಿಗೆ ಹೇಗೆ ಹೇಳುವುದು? ಬರೆದದ್ದನ್ನು ಅಳಿಸಿದ. ಮಂಡಕ್ಕಿ ತಟ್ಟೆಯಲ್ಲೇ ಮೆತ್ತಗಾಯಿತು. ಜೀವಮಾನದಲ್ಲಿ ಒಮ್ಮೆ ನಡೆಯುವಂಥದ್ದು ನಡೆದಿತ್ತು, ಅದನ್ನು ಕೇಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಅವನಿಗೆ ತನ್ನ ಮೇಲೆಯೇ ಮರುಕ ಹುಟ್ಟಿತು. ಒಡನೆಯೇ, ಇದೇ ಹೊತ್ತಿನಲ್ಲಿ ಸೊಕ್ಕೆಯಲ್ಲಿ ಆ ಹೆಂಗಸು ತಟ್ಟೆಯ ಮುಂದೆ ಕೂತು ಮೊದಲ ತುತ್ತನ್ನು ಯಾರಿಗೆ ತೋರಿಸುತ್ತಿದ್ದಾಳೆ ಎಂಬ ಯೋಚನೆ ಬಂದು ಆ ಮರುಕವೂ ಹೋಯಿತು.

ಮುಂದಿನ ವಾರ ಹೋಟೆಲಿನಲ್ಲಿ ತಿಪ್ಪೇಶನನ್ನು ಕೇಳಿದ, ಚಿಕ್ಕವ್ವ ಹೇಗಿದ್ದಾರೆ ಎಂದು.

"ಏನ್ ಹೇಳಿ ಕಳಿಸಿದ್ರೋ ಸಾರ್ ನೀವು," ಎಂದ ತಿಪ್ಪೇಶ್. "ನಾಕು ದಿನದ ಹಿಂದೆ ಹೋಗಿದ್ದೆ, ಊಟ ಸರಿಯಾಗಿ ಮಾಡ್ತಿಲ್ಲ. ಮೊದ್ಲು ಒಬ್ಬಳೇ ಕೂತು ವಟಗುಟ್ಟೋಳು, ಈಗ ಅದೂ ಇಲ್ಲ. ಬಾಯಿಗೆ ಬೀಗ ಹಾಕ್ಕಂಡಾಳೆ."

ರಘುನಾಥ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟೆದ್ದ. ಮಾರನೆಯ ದಿನವೇ ದಾವಣಗೆರೆಯ ಬಸ್ ಹತ್ತಿದ. ಅಲ್ಲಿಂದ ಜಗಳೂರಿಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಸೆಯುತ್ತ ಕೂತ. ನಾನು ತಪ್ಪು ನೋಡಿದ್ದೆ ಬೊಮ್ಮಕ್ಕನೋರೆ, ಮನೆಗೆ ಹೋಗಿ ಇನ್ನೊಮ್ಮೆ ಪುಸ್ತಕ ತೆಗೆದೆ, ಆ ಮುಖ ಬೇರೆ ಈ ಮುಖ ಬೇರೆ, ನಿಮ್ಮದು ಇಲ್ಲೇ ಮಾಡಿಸಿದ್ದು, ಅದು ಗಾದ್ರಮ್ಮನೋರೇ, ಇನ್ನು ಅದನ್ನ ತಿಕ್ಕಬ್ಯಾಡ್ರಿ, ಕೆತ್ತಿಸಬ್ಯಾಡ್ರಿ, ಹಂಗೇ ಇಟ್ಟುಕೊಳ್ರಿ. ಎಷ್ಟು ಸಲೀಸಾದ ಸುಳ್ಳು! ಅವತ್ತೇ ಹೇಳಿದ್ದರೆ ನಾಣ್ಯವೂ ಉಳಿಯುತ್ತಿತ್ತು, ಆಕೆಯ ಅಕ್ಕನೂ ಉಳಿಯುತ್ತಿದ್ದಳು. ಅದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಬಿಳಿಚೋಡಿನವರೆಗೂ ತನ್ನನ್ನು ತಾನೇ ಬೈದುಕೊಂಡ.

ಸೊಕ್ಕೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೊಮ್ಮಕ್ಕ ಅಂಗಳದಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಇವನನ್ನು ಕಂಡು ಗಡಬಡಿಸಿ ಎದ್ದಳು. ಮುಖ ಕಳೆಯಾಗಿಯೇ ಇತ್ತು. ಇಷ್ಟು ದೂರ ಹುಡುಕಿಕೊಂಡು ಬಂದ್ರಾ ಎಂದು ನೀರು ಕೊಟ್ಟಳು, ರೊಟ್ಟಿ ಬಡಿಯುತ್ತೇನೆ ಕೂತುಕೊಳ್ಳಿ ಎಂದಳು. ರಘುನಾಥ ಹೊಸೆದು ತಂದಿದ್ದ ಮಾತನ್ನು ಆಡಲು ಗಂಟಲು ಸರಿಮಾಡಿಕೊಂಡ.

"ಅವತ್ತು ನಾನು ಹೇಳಿದ್ದು..."

"ನೀವು ಹೇಳಿದ್ದು ಒಳ್ಳೇದೇ ಆತು," ಎಂದಳು ಬೊಮ್ಮಕ್ಕ. "ಮೊದ್ಲು ಬಾಳ ಸಂಕಟ ಆತು. ಊಟಕ್ಕೆ ಕೂತ್ರೆ ತುತ್ತು ಇಳೀತಿರಲಿಲ್ಲ. ಆಮೇಲೆ ಮೊನ್ನೆ ಎದ್ದು ಮಾರಪ್ಪನತ್ರ ಹೋದೆ."

ಸೆರಗಿನೊಳಗಿಂದ ಕರಿದಾರ ತೆಗೆದು ಬಿಲ್ಲೆಯನ್ನು ಅವನ ಮುಂದೆ ಹಿಡಿದಳು. ಅದು ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯಿತು. ಅದರ ಮೇಲೆ ಏನೂ ಇರಲಿಲ್ಲ. ಮುಖವಿಲ್ಲ, ಟೋಪಿಯಿಲ್ಲ, ಒಂದು ನಕ್ಷತ್ರವೂ ಇಲ್ಲ. ಇಸವಿ ಇದ್ದ ಜಾಗ ನುಣ್ಣಗೆ ತಟ್ಟೆಯಂತಿತ್ತು.

"ಅರ ಹಾಕಿ ಉಜ್ಜು ಅಂದೆ. ಅವನು ಹಿಂದೆ ಮುಂದೆ ನೋಡಿದ. ಪೂರ್ತಿ ಹೋಗೋ ತನಕ ನಾನು ಅಲ್ಲೇ ಕೂತಿದ್ದೆ. ಅಕ್ಕನ ಮುಖ ಯಾರಿಗೂ ಗೊತ್ತಿಲ್ಲ ಅಂದಮ್ಯಾಲೆ ಇನ್ನೊಬ್ಬರ ಮುಖ ಯಾಕೆ ಅಣ್ಣಾರೆ? ಖಾಲಿ ಇರಲಿ. ಅವಳೇ ಬಂದು ಕೂತ್ಕಳ್ಳಲಿ. ಕೂತಾಳೆ ನೋಡ್ರಿ, ನಂಗೆ ಗೊತ್ತಾಗ್ತೈತೆ. ಈಗ ಊಟ ಸೇರ್ತೈತೆ."

ರಘುನಾಥ ಕೈ ಚಾಚಿದ. ಆಕೆ ಕೊಟ್ಟಳು. ತೂಕ ಕಡಿಮೆಯಾಗಿದ್ದು ಅಂಗೈಗೆ ತಿಳಿಯಿತು. ತಿರುಗಿಸಿ ನೋಡಿದ, ಹದ್ದು ಇನ್ನೂ ಇತ್ತು.

"ಹಕ್ಕಿನ ಬಿಟ್ಟೀನಿ," ಎಂದಳು ಬೊಮ್ಮಕ್ಕ. "ಪಾಪ, ಅದು ಯಾರ ಜಾಗಾನೂ ತಿಂದಿಲ್ಲ."

ಇಸವಿಯಿಲ್ಲದ ಮೇಲೆ ಇದು ಯಾವ ವರ್ಷದ್ದೆಂದು ಲೋಕದ ಯಾವ ಪಂಡಿತನೂ ಖಚಿತವಾಗಿ ಹೇಳಲಾರ. ಅಷ್ಟೆಲ್ಲ ದಾಟಿ ಉಳಿದಿತ್ತು ಅದು. ಕರಗಿಸಿದವರ ಮೂಸೆಯಿಂದ ತಪ್ಪಿಸಿಕೊಂಡು, ಸಮುದ್ರ ದಾಟಿ, ಹುಣಸೆಹಣ್ಣು ಬೂದಿ ತಡೆದುಕೊಂಡು. ತನ್ನ ಒಂದು ಮಾತಿಗೆ ಹೋಯಿತು. ಅವನಿಗೆ ಅಲ್ಲೇ ಕೂತು ಗೋಳೋ ಎಂದು ಅಳಬೇಕೆನಿಸಿತು. ಬಿಲ್ಲೆಯನ್ನು ಆಕೆಯ ಕೈಗೆ ಹಿಂದಿರುಗಿಸಿದ.

ಬೊಮ್ಮಕ್ಕ ರೊಟ್ಟಿ, ಹುರುಳಿಕಾಳು ಪಲ್ಯ ಇಟ್ಟಳು. ತನಗೂ ಒಂದು ತಟ್ಟೆ ಹಾಕಿಕೊಂಡು ಸ್ವಲ್ಪ ದೂರದಲ್ಲಿ ಕೂತಳು. ರೊಟ್ಟಿಯ ಚೂರು ಮುರಿದು ನುಣುಪಾದ ಬಿಲ್ಲೆಗೆ ತೋರಿಸಿ, ಗಾದ್ರಮ್ಮಕ್ಕ ಉಣ್ಣು, ಮನೆಗೆ ನೆಂಟರು ಬಂದಾರೆ ನೋಡು ಎಂದಳು. ಆಮೇಲೆ ಅವಳ ಕೈ ಹಾಗೆಯೇ ನಿಂತಿತು.

"ಅಣ್ಣಾರೆ, ಒಂದು ಕೇಳ್ತೀನಿ. ಆ ಹೆಣ್ಣುಮಗಳು, ಅವಳ ತಪ್ಪೇನೂ ಇರಲಿಲ್ಲ. ನನ್ನ ಮಾತೆಲ್ಲ ಕೇಳಿಸ್ಕಂಡು ಸುಮ್ಮನಿದ್ಲು. ಅವಳನ್ನ ನಾನು ಅಳಿಸಿ ಹಾಕಿದೆ. ರಾತ್ರಿ ನೆನಪಾದ್ರೆ ಎದ್ದು ಕೂತ್ಕಂತೀನಿ. ಅಂಥ ಬಿಲ್ಲೆ ಇನ್ನೂ ಅದಾವಾ? ಇಲ್ಲಾ ಅದೊಂದೇ ಇತ್ತಾ?"

ರಘುನಾಥ ತಟ್ಟೆಯನ್ನು ನೋಡಿದ. ಈ ಪ್ರಶ್ನೆಗೆ ಅವನಿಗಿಂತ ಚೆನ್ನಾಗಿ ಉತ್ತರ ಹೇಳಬಲ್ಲವರು ಕಡಿಮೆ. ಎಷ್ಟು ಅಚ್ಚಾದವು, ಎಷ್ಟು ಕರಗಿದವು, ಉಳಿದವು ಯಾವ ಯಾವ ಹರಾಜಿನಲ್ಲಿ ಯಾವಾಗ ಬಂದವು ಎಲ್ಲ ಬಾಯಿಪಾಠವಾಗಿತ್ತು. ಕೇಳುವವರು ಸಿಗಲಿ ಎಂದು ಅವನು ಎಷ್ಟೋ ವರ್ಷ ಕಾದಿದ್ದ. ಈಗ ಕೇಳಿದ್ದಳು.

"ಬೇಕಾದಷ್ಟು ಅದಾವೆ," ಎಂದ.

"ಹೌದಾ?"

"ಹೌದು. ಅಲ್ಲಿ ಮನೆಮನೆಗೂ ಅದಾವೆ."

ಬೊಮ್ಮಕ್ಕನ ಮುಖ ಸಡಿಲಾಯಿತು. ಉಸಿರು ಬಿಟ್ಟು ನಕ್ಕಳು.

"ಸದ್ಯ. ಹಂಗಾದ್ರೆ ಅವಳು ಒಂಟಿ ಅಲ್ಲ ಬಿಡ್ರಿ."

"ಅಲ್ಲ," ಎಂದ ರಘುನಾಥ. ಆಕೆ ನೋಡುತ್ತಿದ್ದಳೆಂದು ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡ.